ಬಿಲ ತಪ್ಪಿದ ತಾಯಿಗೆ ಕಟ್ಟಿದ ಗೂಡು

ಸಾಕಿದ ಮೊಲ ಗಬ್ಬವಾದರೆ ಪಂಜರದೊಳಗೆ ಒಂದು ಪೆಟ್ಟಿಗೆ ಇಡಬೇಕು ಎಂಬುದು ಮೊಲ ಸಾಕುವವರಿಗೆಲ್ಲ ಗೊತ್ತಿರುವ ಸಂಗತಿ. ಪೆಟ್ಟಿಗೆ ಎಷ್ಟು ಉದ್ದವಿರಬೇಕು, ಒಳಗೆ ಯಾವ ಹುಲ್ಲು ಹಾಸಬೇಕು, ಯಾವ ದಿನ ಇಡಬೇಕು ಎಂಬ ಪ್ರಶ್ನೆಗಳಿಗೆ ಸಿದ್ಧ ಉತ್ತರಗಳೂ ಉಂಟು. ಆ ಉತ್ತರಗಳು ಎಲ್ಲಿಂದ ಬಂದವು ಎಂದು ಕೇಳುವವರು ಕಡಿಮೆ. ಹಾಗೆ ಕೇಳದೆ ಇರುವುದರಿಂದಲೇ ಪೆಟ್ಟಿಗೆಯೆಂದರೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆದೀತು ಎನ್ನುವ ಸಾಮಾನು ಎಂದು ಅನೇಕರು ತಿಳಿದಿದ್ದಾರೆ. ಮೊಲ ಸಾಕಣೆಯ ಎರಡು ಸಾವಿರ ವರ್ಷಗಳ ಚರಿತ್ರೆ ಹೇಳುವುದು ಬೇರೆಯೇ ಮಾತು. ಮನುಷ್ಯ ಈ ಪ್ರಾಣಿಯಿಂದ ಮಣ್ಣನ್ನು ಕಿತ್ತುಕೊಂಡ, ಕತ್ತಲೆಯನ್ನು ಕಿತ್ತುಕೊಂಡ, ಏಕಾಂತವನ್ನು ಕಿತ್ತುಕೊಂಡ. ಪ್ರತಿ ಸಲವೂ ಮರಿಗಳು ಸತ್ತವು. ಸತ್ತ ಮೇಲೆ ಕಿತ್ತುಕೊಂಡದ್ದರಲ್ಲಿ ಸ್ವಲ್ಪ ಸ್ವಲ್ಪವನ್ನೇ ಹಿಂದಿರುಗಿಸುತ್ತ ಬಂದ. ಹಾಗೆ ಹಿಂದಿರುಗಿಸಿದ್ದೆಲ್ಲ ಸೇರಿ ಆದದ್ದು ಈ ಪೆಟ್ಟಿಗೆ. ಹಾಗಾಗಿ ಪೆಟ್ಟಿಗೆ ಸರಿಯಾಗಿದೆಯೇ ಇಲ್ಲವೇ ಎಂದು ತೀರ್ಮಾನಿಸಬೇಕಾದದ್ದು ಬಡಗಿಯ ಅಳತೆಪಟ್ಟಿಯಿಂದಲ್ಲ, ಮೊಲದ ಬಿಲದಿಂದ ಎಂಬುದು ನನ್ನ ವಾದ.

ಮೊದಲು ಆ ಬಿಲ ಎಂಥದು ಎಂದು ನೋಡಬೇಕು. ಇಂದು ಜಗತ್ತಿನ ಪಂಜರಗಳಲ್ಲಿರುವ ಮೊಲದ ತಳಿಗಳೆಲ್ಲ ಒಂದೇ ಕಾಡುಮೂಲದಿಂದ ಬಂದವು. ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸಿನ ಒಣ ನೆಲದಲ್ಲಿ ಬಿಲ ತೋಡಿ ಗುಂಪಾಗಿ ಬದುಕುವ ಯುರೋಪಿನ ಮೊಲ ಅದು. ನಮ್ಮ ಹೊಲದ ಬದುಗಳಲ್ಲಿ, ಕುರುಚಲು ಕಾಡುಗಳಲ್ಲಿ ಕಾಣುವ ಕಾಡುಮೊಲಕ್ಕೂ ಇದಕ್ಕೂ ನಡುವೆ ದೊಡ್ಡ ಅಂತರವಿದೆ. ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ. ಅದರ ಮರಿ ಮೈತುಂಬ ಕೂದಲು ಹೊತ್ತು, ಕಣ್ಣು ತೆರೆದುಕೊಂಡೇ ಹುಲ್ಲಿನ ಮರೆಯಲ್ಲಿ ಹುಟ್ಟುತ್ತದೆ. ಯುರೋಪಿನ ಮೊಲದ ಮರಿ ಹುಟ್ಟುವಾಗ ಬೆತ್ತಲೆ, ಕುರುಡು. ಅದರ ತೂಕ ಐವತ್ತು ಗ್ರಾಮಿನ ಆಸುಪಾಸು. ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಕಣ್ಣು ಬಿಡಲು ಸುಮಾರು ಹತ್ತು ದಿನ ಬೇಕು. ಇಷ್ಟು ಅಸಹಾಯಕ ಮರಿಯನ್ನು ಉಳಿಸುವುದು ತಾಯಿ ತೋಡುವ ಪ್ರತ್ಯೇಕ ಹೆರಿಗೆ ಬಿಲ. ಅನೇಕ ಸಲ ಗುಂಪಿನ ದೊಡ್ಡ ಬಿಲದಿಂದ ದೂರದಲ್ಲಿ, ಒಂದೇ ಬಾಯಿರುವ ಗಿಡ್ಡ ಸುರಂಗವೊಂದನ್ನು ಅದು ತೋಡುತ್ತದೆ. ಒಣಹುಲ್ಲನ್ನು ಬಾಯಲ್ಲಿ ಕಚ್ಚಿಕೊಂಡು ಒಯ್ದು ಹಾಸುತ್ತದೆ. ತನ್ನ ಹೊಟ್ಟೆಯ, ಎದೆಯ ತುಪ್ಪಳವನ್ನು ಕಿತ್ತು ಹುಲ್ಲಿನ ನಡುವೆ ಹೊದಿಕೆ ಮಾಡುತ್ತದೆ. ಮರಿ ಹಾಕಿದ ಮೇಲೆ ಬಿಲದ ಬಾಯಿಗೆ ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ದಿನಕ್ಕೊಮ್ಮೆ, ಸಾಮಾನ್ಯವಾಗಿ ರಾತ್ರಿ ಹೊತ್ತು, ಬಂದು ಮಣ್ಣು ಸರಿಸಿ ಮೂರು ನಾಲ್ಕು ನಿಮಿಷ ಹಾಲೂಡಿಸಿ ಮತ್ತೆ ಬಾಯಿ ಮುಚ್ಚುತ್ತದೆ. ಬ್ರಿಟನ್ನಿನ ವೇಲ್ಸಿನಲ್ಲಿ ಮೊಲಗಳ ಬದುಕನ್ನು ಹತ್ತಿರದಿಂದ ನೋಡಿ 1964ರಲ್ಲಿ ಪುಸ್ತಕ ಬರೆದ ರೊನಾಲ್ಡ್ ಲಾಕ್ಲಿ ಈ ಗುಟ್ಟಿನ ಸಂಸಾರವನ್ನು ಸಾಮಾನ್ಯ ಓದುಗರಿಗೆ ತಲುಪಿಸಿದವರು.

ಮನುಷ್ಯ ಮೊಲವನ್ನು ಗೋಡೆಯೊಳಗೆ ಇಟ್ಟ ಮೊದಲ ದಾಖಲೆಗಳು ರೋಮನ್ನರವು. ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ಕೃಷಿಯ ಬಗ್ಗೆ ಬರೆದ ವರ್ರೊ ಗೋಡೆ ಕಟ್ಟಿದ ಮೊಲದ ತೋಟಗಳನ್ನು ವರ್ಣಿಸುತ್ತಾನೆ. ಅಲ್ಲಿ ಸಾಕುವ ಪ್ರಾಣಿಗಳ ಜೊತೆಗೆ ಸ್ಪೇನಿನ ಬಿಲದ ಮೊಲವನ್ನೂ ಹೆಸರಿಸುತ್ತಾನೆ. ಮುಂದಿನ ಶತಮಾನದ ಪ್ಲಿನಿ ಎರಡು ಸಂಗತಿ ಬರೆದಿಟ್ಟಿದ್ದಾನೆ. ಬಲಿಯಾರಿಕ್ ದ್ವೀಪದವರು ಮೊಲಗಳ ಕಾಟ ತಾಳಲಾರದೆ ಚಕ್ರವರ್ತಿ ಆಗಸ್ಟಸನಿಂದ ಸೈನಿಕರ ನೆರವು ಬೇಡಿದರಂತೆ. ಹುಟ್ಟುವ ಮುನ್ನ ಹೊಟ್ಟೆಯಿಂದ ತೆಗೆದ, ಇಲ್ಲವೇ ಮೊಲೆಯಿಂದ ಬಿಡಿಸಿದ ಮರಿಗಳು ಅಲ್ಲಿಯವರಿಗೆ ವಿಶೇಷ ಭಕ್ಷ್ಯವಾಗಿದ್ದವಂತೆ. ಈ ಇಬ್ಬರ ಬರಹಗಳಿಂದ ನನಗೆ ಕಾಣುವುದು ಇಷ್ಟು: ರೋಮನ್ನರು ಮೊಲವನ್ನು ಸುತ್ತುಗಟ್ಟಿ ಇಟ್ಟರೇ ಹೊರತು ಅದರ ಹೆರಿಗೆಗೆ ಕೈ ಹಾಕಲಿಲ್ಲ. ಗೋಡೆ ಮನುಷ್ಯನದು, ಬಿಲ ಮೊಲದ್ದೇ. ಗೂಡುಪೆಟ್ಟಿಗೆಯ ಅಗತ್ಯ ಆಗ ಹುಟ್ಟಿಯೇ ಇರಲಿಲ್ಲ.

ಇಲ್ಲಿ ಬಹಳ ಪ್ರಚಾರದಲ್ಲಿರುವ ಒಂದು ಕಥೆಯನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಕ್ರಿಸ್ತಶಕ 600ರಲ್ಲಿ ಪೋಪ್ ಒಂದನೆಯ ಗ್ರೆಗರಿ, ಆಗಷ್ಟೇ ಹುಟ್ಟಿದ ಮೊಲದ ಮರಿ ಮಾಂಸವಲ್ಲ, ಉಪವಾಸದ ದಿನಗಳಲ್ಲೂ ತಿನ್ನಬಹುದು ಎಂದು ಅಪ್ಪಣೆ ಕೊಡಿಸಿದ. ಅದನ್ನು ಕೇಳಿದ ಫ್ರಾನ್ಸಿನ ಸನ್ಯಾಸಿಗಳು ಮಠಗಳಲ್ಲಿ ಮೊಲ ಪಳಗಿಸಿದರು. ಅಲ್ಲಿಂದಲೇ ಸಾಕುಮೊಲ ಹುಟ್ಟಿತು ಎಂಬುದು ಆ ಕಥೆ. ಪಠ್ಯಪುಸ್ತಕಗಳಲ್ಲೂ ಸಂಶೋಧನಾ ಲೇಖನಗಳಲ್ಲೂ ಇದು ದಶಕಗಳ ಕಾಲ ಓಡಾಡಿತು. 2018ರಲ್ಲಿ ಸಂಶೋಧಕರಾದ ಇವಾನ್ ಇರ್ವಿಂಗ್ ಪೀಸ್, ಗ್ರೆಗರ್ ಲಾರ್ಸನ್ ಮತ್ತು ಸಂಗಡಿಗರು ಈ ಕಥೆಯ ಬೇರು ಹಿಡಿದು ಹೋದಾಗ ಅಂಥ ಅಪ್ಪಣೆಯೇ ಸಿಗಲಿಲ್ಲ. ಸಿಕ್ಕಿದ್ದು ಬೇರೊಬ್ಬ ಗ್ರೆಗರಿ. ಆರನೆಯ ಶತಮಾನದಲ್ಲಿ ಟೂರ್ ಪಟ್ಟಣದ ಬಿಷಪ್ ಆಗಿದ್ದ ಆತ ಬರೆದ ಚರಿತ್ರೆಯಲ್ಲಿ, ಉಪವಾಸದ ಕಾಲದಲ್ಲಿ ಮೊಲದ ಮರಿ ತಿಂದು ಸತ್ತ ಒಬ್ಬ ಕ್ರೂರ ಅಧಿಕಾರಿಯ ಪ್ರಸ್ತಾಪವಿದೆ. ಇಬ್ಬರು ಗ್ರೆಗರಿಯರನ್ನು ಯಾರೋ ಒಬ್ಬರನ್ನಾಗಿ ಮಾಡಿದರು, ಉಳಿದವರು ನಂಬಿದರು. ಪೆಟ್ಟಿಗೆಯ ಚರಿತ್ರೆಗೆ ಈ ತಿದ್ದುಪಡಿ ಬಹಳ ಮುಖ್ಯ. ಒಂದು ಅಪ್ಪಣೆಯಿಂದ ಒಂದೇ ತಲೆಮಾರಿನಲ್ಲಿ ಮೊಲ ಪಳಗಿತು ಎಂದಾದರೆ, ಅದು ಕಾಡಿನ ಸ್ವಭಾವವನ್ನು ಕಳಚಿಟ್ಟು ಸಾವಿರದ ನಾನೂರು ವರ್ಷವಾಯಿತು ಎಂದು ಹೇಳಿಬಿಡಬಹುದು. ಮೂಳೆಗಳ ಸಾಕ್ಷ್ಯ ಅದನ್ನು ಒಪ್ಪುವುದಿಲ್ಲ. ಸಾಕಣೆಯ ಗುರುತುಗಳು ಮೊಲದ ಅಸ್ಥಿಯಲ್ಲಿ ಎದ್ದು ಕಾಣುವುದು 18ನೆಯ ಶತಮಾನದಿಂದೀಚೆಗೆ. ನಾಯಿ, ಹಸು, ಕುರಿಗಳ ಲೆಕ್ಕದಲ್ಲಿ ಮೊಲ ಮನೆಗೆ ಬಂದದ್ದು ಮೊನ್ನೆ ಮೊನ್ನೆ.

ಆ ನಡುವಿನ ಶತಮಾನಗಳಲ್ಲಿ ಮೊಲ ಇದ್ದದ್ದು ಅರೆಕಾಡಿನ ಸ್ಥಿತಿಯಲ್ಲಿ. 12ನೆಯ ಶತಮಾನದಲ್ಲಿ ನಾರ್ಮನ್ನರ ಜೊತೆ ಇಂಗ್ಲೆಂಡಿಗೆ ಬಂದ ಮೊಲ ಅಲ್ಲಿಯ ಚಳಿಗೆ, ಜಿಗುಟು ಮಣ್ಣಿಗೆ ಸುಲಭವಾಗಿ ಒಗ್ಗಲಿಲ್ಲ. ಅದರ ಮಾಂಸ ಆಗ ಶ್ರೀಮಂತರ ಊಟ, ತುಪ್ಪಳ ಬೆಲೆಬಾಳುವ ಸರಕು. ಹಾಗಾಗಿ ಮೊಲದ ಕಾವಲುಗಾರರು ಅದಕ್ಕೆ ಬಿಲ ತೋಡಲು ಅನುಕೂಲವಾಗಲೆಂದು ಸಡಿಲ ಮಣ್ಣನ್ನು ಉದ್ದುದ್ದ ದಿಬ್ಬಗಳಾಗಿ ಪೇರಿಸಿದರು. ಸುತ್ತ ನೀರು ನಿಲ್ಲದಂತೆ ಕಾಲುವೆ ತೆಗೆದರು. ಕೆಲವು ಕಡೆ ದಿಬ್ಬದೊಳಗೆ ಕಲ್ಲು ಜೋಡಿಸಿ ಸುರಂಗಗಳನ್ನೇ ಕಟ್ಟಿಕೊಟ್ಟರು. ಡಾರ್ಟ್‌ಮೂರ್ ಬಯಲಿನಲ್ಲಿ, ವೇಲ್ಸಿನ ಗುಡ್ಡಗಳಲ್ಲಿ ಈ ದಿಬ್ಬಗಳು ಇಂದಿಗೂ ಉಳಿದಿವೆ. ನಾರ್ಫಕ್ ಸೀಮೆಯ ಥೆಟ್‌ಫರ್ಡಿನಲ್ಲಿ 1400ರ ಸುಮಾರಿಗೆ ಮಠದವರು ಮೊಲದ ಕಾವಲಿಗೆಂದು ಕಟ್ಟಿಸಿದ ಕೋಟೆಯಂಥ ಕಲ್ಲಿನ ಮನೆಯೂ ನಿಂತಿದೆ. ನನ್ನ ದೃಷ್ಟಿಯಲ್ಲಿ ಮೊಲಕ್ಕೆ ಮನುಷ್ಯ ಕಟ್ಟಿದ ಮೊದಲ ಗೂಡು ಈ ಮಣ್ಣಿನ ದಿಬ್ಬವೇ. ಮರದ ಪೆಟ್ಟಿಗೆ ಬಂದದ್ದು ಆಮೇಲೆ. ಒಣಗಿರಬೇಕು, ಅಗೆಯಲು ಬರಬೇಕು, ಕತ್ತಲಿರಬೇಕು ಎಂಬ ಮೂರು ಅಗತ್ಯಗಳನ್ನು ಆ ಕಾವಲುಗಾರರು ಯಾವ ಗ್ರಂಥದ ನೆರವೂ ಇಲ್ಲದೆ ಕಂಡುಕೊಂಡಿದ್ದರು.

ಮೊಲ ನೆಲದಿಂದ ಮೇಲೆದ್ದದ್ದು, ಅಂದರೆ ಮರದ ಹಲಗೆಯ ಮೇಲೆ ಬದುಕತೊಡಗಿದ್ದು, ಈ ಚರಿತ್ರೆಯ ದೊಡ್ಡ ತಿರುವು. 1600ರಲ್ಲಿ ಪ್ರಕಟವಾದ ತನ್ನ ಕೃಷಿಗ್ರಂಥದಲ್ಲಿ ಫ್ರಾನ್ಸಿನ ಒಲಿವಿಯೆ ದ ಸೆರ್ ಕಾಡಿನ ಮೊಲ, ಸುತ್ತುಗಟ್ಟಿದ ಬಯಲಿನ ಮೊಲ, ಗೂಡಿನಲ್ಲಿ ಸಾಕಿದ ಮೊಲ ಎಂದು ಮೂರನ್ನು ಬೇರೆ ಬೇರೆಯಾಗಿಯೇ ಎಣಿಸುತ್ತಾನೆ. ಅದಕ್ಕಿಂತ ಹೆಚ್ಚು ಬೆಳಕು ಕೊಡುವುದು ಇಂಗ್ಲೆಂಡಿನ ಜರ್ವೇಸ್ ಮಾರ್ಕಮ್ 1614ರಲ್ಲಿ ಪ್ರಕಟಿಸಿದ ಪಶುಪಾಲನೆಯ ಪುಸ್ತಕ. ತುಪ್ಪಳಕ್ಕಾಗಿ ಸಾಕುವ ಮೊಲಗಳಿಗೆ ಎಂಥ ಪೆಟ್ಟಿಗೆ ಬೇಕೆಂದು ಆತ ವಿವರವಾಗಿ ಹೇಳುತ್ತಾನೆ. ತೆಳು ಹಲಗೆಯದು, ಎರಡಡಿ ಚಚ್ಚೌಕ, ಒಂದಡಿ ಎತ್ತರ. ಅದನ್ನು ಎರಡು ಕೋಣೆಯಾಗಿ ಭಾಗ ಮಾಡಬೇಕು. ದೊಡ್ಡದಕ್ಕೆ ತಂತಿಯ ಕಿಟಕಿ, ಅಲ್ಲಿ ಮೊಲ ಮೇವು ತಿನ್ನುತ್ತದೆ. ಚಿಕ್ಕದಕ್ಕೆ ಬೆಳಕೇ ಇರಬಾರದು, ಅಲ್ಲಿ ಅದು ಮಲಗುತ್ತದೆ, ಮರಿ ಹಾಕುತ್ತದೆ. ಇಂದಿನ ಲೆಕ್ಕದಲ್ಲಿ ಈ ಮನೆ ಬಹಳ ಇಕ್ಕಟ್ಟು. ಅಷ್ಟು ಜಾಗದಲ್ಲಿ ಇಂದು ಮೊಲ ಇಡುವುದು ನಿರ್ದಯೆ ಎಂದೇ ನಾನು ಹೇಳುತ್ತೇನೆ. ಆದರೆ ಆ ಇಕ್ಕಟ್ಟಿನಲ್ಲೂ ಮಾರ್ಕಮ್ ಜಾಗದ ಒಂದು ಪಾಲನ್ನು ಕತ್ತಲೆಗೆಂದೇ ಮೀಸಲಿಟ್ಟ ಎಂಬುದನ್ನು ಗಮನಿಸಬೇಕು. ಪ್ರತಿ ಅಂಗುಲವನ್ನೂ ಲೆಕ್ಕಹಾಕುವ ಸಾಕಣೆಗಾರ ಬಳಕೆಯಿಲ್ಲದ ಕೋಣೆಯನ್ನು ಸುಮ್ಮನೆ ಕಟ್ಟುವುದಿಲ್ಲ. ಬೆಳಕಿನಲ್ಲಿ ಹಾಕಿದ ಮರಿ ಉಳಿಯುವುದು ಕಷ್ಟ ಎಂಬ ಅನುಭವ ಆ ವಿನ್ಯಾಸದ ಹಿಂದೆ ಇದ್ದಿರಲೇಬೇಕು.

ಮುಂದಿನ ಮೂರು ಶತಮಾನ ಎರಡು ಕೋಣೆಯ ಮರದ ಮನೆಯೇ ನಡೆದುಬಂತು. 19ನೆಯ ಶತಮಾನದಲ್ಲಿ ತಳಿಗಳ ಹುಚ್ಚು ಹಬ್ಬಿ, ಪ್ರದರ್ಶನಗಳು, ಸಂಘಗಳು ಹುಟ್ಟಿಕೊಂಡು ಮೊಲ ಕೇವಲ ಆಹಾರವಾಗಿರದೆ ಮನೆಯ ಮಕ್ಕಳ ಸಂಗಾತಿಯೂ ಆಯಿತು. ಮನೆಯ ವಿನ್ಯಾಸ ಮಾತ್ರ ಹೆಚ್ಚು ಬದಲಾಗಲಿಲ್ಲ. ಅದು ಬದಲಾದದ್ದು 20ನೆಯ ಶತಮಾನದಲ್ಲಿ, ಅಮೆರಿಕದಲ್ಲಿ. ಸ್ವಚ್ಛತೆಗಾಗಿ, ಕೂಲಿ ಉಳಿಸಲಿಕ್ಕಾಗಿ ಹಲಗೆಯ ನೆಲ ಹೋಗಿ ತಂತಿ ಜಾಲರಿ ಬಂತು. ಹಿಕ್ಕೆ, ಮೂತ್ರ ಕೆಳಗೆ ಬೀಳುವುದರಿಂದ ರೋಗ ಕಡಿಮೆಯಾಯಿತು, ನಿಜ. ಆದರೆ ನಾಲ್ಕೂ ಕಡೆ ಬೆಳಕು, ಕೆಳಗಿಂದ ಗಾಳಿ. ಕತ್ತಲೆಯ ಕೋಣೆ ಹೇಳಹೆಸರಿಲ್ಲದೆ ಹೋಯಿತು. ಜಾಲರಿಯ ಮೇಲೆ ಬಿದ್ದ ಬೆತ್ತಲೆ ಮರಿ ಕೆಲವೇ ಗಂಟೆಗಳಲ್ಲಿ ತಣ್ಣಗಾಗುತ್ತದೆ. ಪ್ರತ್ಯೇಕವಾಗಿ ಒಳಗಿಟ್ಟು ಹೊರತೆಗೆಯುವ ಗೂಡುಪೆಟ್ಟಿಗೆ ಅನಿವಾರ್ಯವಾದದ್ದು ಆಗಲೇ. ಅಮೆರಿಕದ ಕೃಷಿ ಇಲಾಖೆ 1928ರಲ್ಲಿ ಕ್ಯಾಲಿಫೋರ್ನಿಯಾದ ಫಾಂಟಾನದಲ್ಲಿ ಮೊಲಗಳಿಗೆಂದೇ ಪ್ರಯೋಗ ಕೇಂದ್ರ ತೆರೆಯಿತು, ಅದು 1965ರವರೆಗೆ ನಡೆಯಿತು. ಆ ಕಾಲದ ಸಾಕಣೆಗಾರರು ಕೈಗೆ ಸಿಕ್ಕಿದ್ದನ್ನು ಗೂಡು ಮಾಡಿದರು. ಹಣ್ಣಿನ ಪೆಟ್ಟಿಗೆ ಬಳಸಿದವರುಂಟು. ಮೊಳೆ ತುಂಬಿ ಬರುತ್ತಿದ್ದ ಮರದ ಪೀಪಾಯಿಯನ್ನು ಅಡ್ಡ ಮಲಗಿಸಿ, ಬಾಯಿಯ ಕೆಳಭಾಗಕ್ಕೆ ಒಂದು ಹಲಗೆ ಹೊಡೆದು ಇಟ್ಟವರುಂಟು. ಆ ಅಡ್ಡ ಹಲಗೆ ಈ ಚರಿತ್ರೆಯ ಅತ್ಯಂತ ಜಾಣ ಸೇರ್ಪಡೆ ಎಂದು ನನಗೆ ಅನ್ನಿಸುತ್ತದೆ. ತಾಯಿ ಎದ್ದು ಹೊರಟಾಗ ಮೊಲೆ ಬಿಡದೆ ಜೋತುಬಿದ್ದ ಮರಿ ಹೊಸ್ತಿಲಿಗೆ ತಾಗಿ ಒಳಗೇ ಬೀಳುತ್ತದೆ. ಬೆಕ್ಕು, ನಾಯಿಗಳ ಹಾಗೆ ಮೊಲದ ತಾಯಿ ಮರಿಯನ್ನು ಬಾಯಲ್ಲಿ ಕಚ್ಚಿ ಗೂಡಿಗೆ ತರುವುದಿಲ್ಲ. ಬಿಲದಲ್ಲಿ ಆ ಅಭ್ಯಾಸದ ಅಗತ್ಯವೇ ಇರಲಿಲ್ಲ, ಸುರಂಗವೇ ಮರಿಯನ್ನು ಹಿಡಿದಿಡುತ್ತಿತ್ತು. ಹೊರಗೆ ಬಿದ್ದ ಮರಿ ಹೊರಗೇ ಸಾಯುತ್ತದೆ. ಮುಂದೆ ಬಂದ, ಪಂಜರದ ನೆಲದಿಂದ ಕೆಳಕ್ಕೆ ಇಳಿಬಿಟ್ಟ ಪೆಟ್ಟಿಗೆ ಇದೇ ಆಲೋಚನೆಯನ್ನು ಇನ್ನಷ್ಟು ಮುಂದಕ್ಕೆ ಒಯ್ದಿತು. ಅಲ್ಲಿ ತಾಯಿ ಗೂಡಿಗೆ ಇಳಿಯಬೇಕು, ದಾರಿ ತಪ್ಪಿದ ಮರಿ ಉರುಳಿ ಅಲ್ಲಿಗೇ ಸೇರುತ್ತದೆ. ನೆಲದಿಂದ ಮೇಲೆತ್ತಿದ ಮೊಲಕ್ಕೆ ಮನುಷ್ಯ ಮತ್ತೆ ನೆಲದೊಳಕ್ಕೆ ದಾರಿ ಮಾಡಿಕೊಟ್ಟದ್ದು ಹೀಗೆ.

ಸಾಕಣೆಗಾರರ ಅನುಭವಕ್ಕೆ ವಿಜ್ಞಾನದ ಬೆಂಬಲ ಸಿಕ್ಕಿದ್ದು ತಡವಾಗಿ. ತಾಯಿ ಮೊಲ ಮರಿಗಳ ಬಳಿ ಕೂರುವುದೇ ಇಲ್ಲ, ಇದು ಮರಿಗಳನ್ನು ಬಿಟ್ಟುಬಿಟ್ಟಿದೆ ಎಂದು ದೂರುವುದು ಹಳೆಯ ಅಭ್ಯಾಸ. ಆ ತಪ್ಪು ತಿಳಿವಳಿಕೆಯಿಂದ ಮರಿಗಳನ್ನು ಎತ್ತಿ ಬಾಟಲಿ ಹಾಲು ಕುಡಿಸಿ ಕಳೆದುಕೊಂಡವರು ಇಂದಿಗೂ ಇದ್ದಾರೆ. 1965ರಲ್ಲಿ ಝಾರೋ, ಡೆನೆನ್‌ಬರ್ಗ್ ಮತ್ತು ಆಂಡರ್ಸನ್ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ಪ್ರಯೋಗಾಲಯದ ಸಾಕುಮೊಲವೂ ದಿನಕ್ಕೊಮ್ಮೆಯೇ ಹಾಲೂಡಿಸುತ್ತದೆ ಎಂದು ತೋರಿಸಿತು. ಆಮೇಲೆ ಜರ್ಮನಿಯಲ್ಲಿ ರಾಬಿನ್ ಹಡ್ಸನ್ ಮತ್ತು ಹಾನ್ಸ್ ಡಿಸ್ಟೆಲ್ ಆ ಮೂರ್ನಾಲ್ಕು ನಿಮಿಷಗಳಲ್ಲಿ ಏನಾಗುತ್ತದೆಂದು ಬಿಡಿಸಿ ನೋಡಿದರು. ತಾಯಿ ಬರುವ ಹೊತ್ತಿಗೆ ಮರಿಗಳು ಮುಂಚಿತವಾಗಿಯೇ ಎಚ್ಚತ್ತು ಹೊದಿಕೆಯ ಮೇಲಕ್ಕೆ ಬಂದಿರುತ್ತವೆ. ವಾಸನೆ ಹಿಡಿದು ಕೆಲವೇ ಸೆಕೆಂಡುಗಳಲ್ಲಿ ಮೊಲೆ ಹುಡುಕುತ್ತವೆ. ತಮ್ಮ ತೂಕದ ಐದನೆಯ ಒಂದು ಪಾಲಿಗೂ ಹೆಚ್ಚು ಹಾಲು ಕುಡಿದು ಮತ್ತೆ ಹುಲ್ಲಿನಡಿ ಸೇರುತ್ತವೆ. ಆ ವಾಸನೆಯ ಮೂಲದ ರಾಸಾಯನಿಕವನ್ನು ಫ್ರಾನ್ಸಿನ ಬೆನ್ವಾ ಶಾಲ್ ಮತ್ತು ಸಂಗಡಿಗರು 2003ರಲ್ಲಿ ಗುರುತಿಸಿದರು. ಇದರರ್ಥ, ಉಳಿದ ಇಪ್ಪತ್ತಮೂರು ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಮರಿಗಳಿಗೆ ತಾಯಿಯ ಬದಲು ಗೂಡೇ ಇರಬೇಕು. ಅದು ಬಿಸಿ ಕೊಡಬೇಕು, ಒಡಹುಟ್ಟಿದವುಗಳನ್ನು ಒಂದಕ್ಕೊಂದು ಒತ್ತಿ ಇಡಬೇಕು. ಪೆಟ್ಟಿಗೆ ತಾಯಿಗಿಂತ ಹೆಚ್ಚಾಗಿ ಮರಿಗಳದ್ದು ಎಂಬ ಈ ಸತ್ಯ ಗೊತ್ತಾದರೆ ಅಳತೆಯ ಗೊಂದಲವೂ ಬಗೆಹರಿಯುತ್ತದೆ. ತಾಯಿ ಒಳಗೆ ಹೊಕ್ಕು ತಿರುಗುವಷ್ಟು ಜಾಗ ಸಾಕು. ವಿಶಾಲವಾದರೆ ಮರಿಗಳು ಚದುರಿ ತಣ್ಣಗಾಗುತ್ತವೆ, ತಾಯಿ ಅದನ್ನೇ ಕಕ್ಕಸು ಮಾಡಿಕೊಳ್ಳುತ್ತದೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪಣೆ ಒಂದಿದೆ. ಇಷ್ಟು ತಲೆಮಾರು ಪಂಜರದಲ್ಲಿ ಕಳೆದ ಮೊಲಕ್ಕೆ ಕಾಡಿನ ಬಿಲದ ನೆನಪು ಉಳಿದೀತೇ? ಮೂಲೆಯಲ್ಲಿ ಒಂದು ಹಿಡಿ ಹುಲ್ಲು ಹಾಕಿದರೆ ಸಾಲದೇ? ಈ ಆಕ್ಷೇಪಣೆಯ ಪರವಾಗಿ ಆಸ್ಟ್ರೇಲಿಯಾದ ಸಾಕ್ಷ್ಯವನ್ನೇ ಕೊಡಬಹುದು. 1788ರಲ್ಲಿ ಬ್ರಿಟಿಷರ ಮೊದಲ ಹಡಗುಪಡೆಯೊಂದಿಗೆ ಅಲ್ಲಿಗೆ ಹೋದ ಐದು ಸಾಕುಮೊಲಗಳಾಗಲಿ, ಆಮೇಲೆ ಹೋದವಾಗಲಿ ಆ ಖಂಡವನ್ನು ತುಂಬಲಿಲ್ಲ. 1859ರಲ್ಲಿ ಅಲ್ಲಿ ನೆಲೆಸಿದ್ದ ಥಾಮಸ್ ಆಸ್ಟಿನ್ ಇಂಗ್ಲೆಂಡಿನಿಂದ ತರಿಸಿದ, ಕಾಡುಮೊಲದ ರಕ್ತವಿದ್ದ 24 ಮೊಲಗಳ ಸಂತತಿ ತುಂಬಿತು. 2022ರಲ್ಲಿ ಪ್ರಕಟವಾದ ಜೀನುಗಳ ಅಧ್ಯಯನ ಇದನ್ನು ಖಚಿತಪಡಿಸಿತು. ಅಂದರೆ ಸಾಕುಮೊಲ ಕಾಡಿಗೆ ಹೊಂದಿಕೊಳ್ಳುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ಇದನ್ನು ನಾನು ಒಪ್ಪುತ್ತೇನೆ. ಆದರೆ ಕಾಡಿನಲ್ಲಿ ಬದುಕಲಾರದು ಎಂಬುದರಿಂದ ಗೂಡು ಕಟ್ಟಲಾರದು ಎಂಬುದು ಸಿದ್ಧವಾಗುವುದಿಲ್ಲ. ಕಾಡುಮೊಲ ಮತ್ತು ಸಾಕುಮೊಲಗಳ ಜೀನುಗಳನ್ನು ಹೋಲಿಸಿದ 2014ರ ಸಂಶೋಧನೆ ಹೇಳಿದ್ದು, ಪಳಗುವಾಗ ಯಾವ ಒಂದು ಜೀನೂ ಅಳಿಸಿಹೋಗಲಿಲ್ಲ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ನೂರಾರು ಕಡೆ ಸಣ್ಣ ಸಣ್ಣ ಬದಲಾವಣೆಗಳಾದವು ಎಂದು. ಹೆದರಿಕೆ ಕಡಿಮೆಯಾಯಿತು, ತಾಯ್ತನದ ಕೆಲಸ ಉಳಿಯಿತು. ಮೆಕ್ಸಿಕೊದ ಗೇಬ್ರಿಯೆಲಾ ಗೊನ್ಸಾಲೆಸ್ ಮಾರಿಸ್ಕಲ್ ಮತ್ತು ಸಂಗಡಿಗರ ದೀರ್ಘಕಾಲದ ಪ್ರಯೋಗಗಳು ಇದನ್ನು ಹಾರ್ಮೋನುಗಳ ಮಟ್ಟದಲ್ಲಿ ತೋರಿಸಿವೆ. ಗಬ್ಬದ ಸಾಕುಮೊಲ ಮೊದಲು ಅಗೆಯುತ್ತದೆ, ಆಮೇಲೆ ಹುಲ್ಲು ಹೊರುತ್ತದೆ, ಮರಿ ಹಾಕುವ ಹೊತ್ತಿಗೆ ತುಪ್ಪಳ ಕೀಳುತ್ತದೆ. ಒಂದೊಂದು ಹಂತವೂ ರಕ್ತದಲ್ಲಿನ ಹಾರ್ಮೋನುಗಳ ಏರಿಳಿತಕ್ಕೆ ತಕ್ಕಂತೆ ನಡೆಯುತ್ತದೆ. ಹೆರಿಗೆಯ ದಿನಗಳಲ್ಲಿ ಅದರ ಕೂದಲಿನ ಬುಡವೂ ಸಡಿಲವಾಗುತ್ತದೆ. ಸಿಮೆಂಟಿನ ನೆಲವನ್ನು ಕೆರೆಯುತ್ತಿರುವ ಗಬ್ಬದ ಮೊಲಕ್ಕೆ ಬಿಲದ ಒತ್ತಾಯ ಪೂರ್ತಿಯಾಗಿ ಇದೆ, ಮಣ್ಣು ಮಾತ್ರ ಇಲ್ಲ.

ಎರಡನೆಯ ಆಕ್ಷೇಪಣೆ ನಮ್ಮ ಹವೆಗೆ ಸಂಬಂಧಿಸಿದ್ದು. ಚಳಿದೇಶದ ಬೆಚ್ಚನೆಯ ಪೆಟ್ಟಿಗೆಯನ್ನು ಕಲಬುರಗಿಯ ಏಪ್ರಿಲ್ ತಿಂಗಳಿಗೆ ತಂದರೆ ಮರಿಗಳು ಬೇಯುತ್ತವಲ್ಲ ಎಂದು ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ದಕ್ಷಿಣ ಭಾರತದಲ್ಲಿ ಮೊಲ ಸಾಕಣೆಯ ಸಂಶೋಧನೆಗೆ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಆರಿಸಿಕೊಂಡ ಜಾಗ ಕೊಡೈಕೆನಾಲ್ ಬೆಟ್ಟದ ಮನ್ನವನೂರು ಎಂಬುದೂ ಇದನ್ನೇ ಸೂಚಿಸುತ್ತದೆ; ತಂಪು ಈ ಪ್ರಾಣಿಗೆ ಹಿತ. ಆದರೆ ಬಿಲದ ಮುಖ್ಯ ಗುಣ ಬೆಚ್ಚಗಿರುವುದಲ್ಲ, ಒಂದೇ ಹದದಲ್ಲಿರುವುದು. ಸ್ಪೇನಿನ ಬೇಸಿಗೆಯಲ್ಲಿ ಅದೇ ಬಿಲ ತಂಪಾಗಿರುತ್ತದೆ. ಮೆಡಿಟರೇನಿಯನ್ ಸುತ್ತಿನ ಬಿಸಿ ಸೀಮೆಗಳಿಗೆಂದು ಪಂಜರಕ್ಕೆ ಜೋಡಿಸಿದ ನೆಲದಡಿಯ ಕೋಣೆಗಳನ್ನು ಇಟಲಿಯ ಸಂಶೋಧಕರು ರೂಪಿಸಿದ್ದು ಇದೇ ತರ್ಕದಿಂದ. ಹಾಗಾಗಿ ನಮ್ಮಲ್ಲಿ ತಗಡಿನ ಪೆಟ್ಟಿಗೆ ಬೇಡವೇ ಬೇಡ, ಬಿಸಿಲಿಗೆ ಕಾದು, ಮರಿಗಳ ಉಸಿರಿಗೆ ಬೆವರುತ್ತದೆ. ಮರದ ಪೆಟ್ಟಿಗೆ, ತಳದಲ್ಲಿ ಮೂತ್ರ ಬಸಿಯಲು ಸಣ್ಣ ತೂತುಗಳು, ಮೇಲ್ಭಾಗದಲ್ಲಿ ಗಾಳಿಗೆ ಸ್ವಲ್ಪ ಕಂಡಿ, ಬೇಸಿಗೆಯಲ್ಲಿ ತೆಳು ಹಾಸು. ಇಷ್ಟು ಬದಲಾವಣೆ ಸಾಕು. ಮರದಲ್ಲಿ ರೋಗಾಣು ಕೂರುತ್ತವೆ ಎನ್ನುವವರ ಮಾತೂ ಸುಳ್ಳಲ್ಲ. ಪ್ರತಿ ಸೂಲಿನ ನಂತರ ತೊಳೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಹಾಸು ಹೊಸದು ಹಾಕುವುದೇ ಅದಕ್ಕೆ ಪರಿಹಾರ. ಸ್ವಚ್ಛತೆಗಾಗಿ ಕತ್ತಲೆಯನ್ನೂ ಹೊಸ್ತಿಲನ್ನೂ ಬಿಟ್ಟುಕೊಟ್ಟರೆ ತಂತಿ ಪಂಜರದ ಮೊದಲ ದಿನಗಳಿಗೆ ಹಿಂದಿರುಗಿದಂತೆ.

ಇನ್ನು ದಿನದ ವಿಚಾರ. ಮೊಲದ ಗಬ್ಬದ ಅವಧಿ ಸುಮಾರು 31 ದಿನ. ಕೂಡಿದ 27 ಅಥವಾ 28ನೆಯ ದಿನ ಪೆಟ್ಟಿಗೆ ಇಡುವುದು ವಾಣಿಜ್ಯ ಸಾಕಣೆಯ ಪದ್ಧತಿ. ಮೊದಲೇ ಇಟ್ಟರೆ ಅದು ಹೊಲಸಾಗುತ್ತದೆ ಎಂಬುದು ಕಾರಣ. ಈ ಕಾರಣ ಸಾಕುವವರ ಅನುಕೂಲದ್ದು. ತಾಯಿಯ ಅಗೆಯುವ ಕೆಲಸ ಅದಕ್ಕೂ ಮುಂಚೆ ಶುರುವಾಗುತ್ತದೆ ಎಂದು ಮೇಲೆ ಹೇಳಿದ ಪ್ರಯೋಗಗಳಿಂದ ಗೊತ್ತಾಗಿದೆ. ನೂರಾರು ಮೊಲ ಸಾಕುವವರಿಗೆ ಸಾಧ್ಯವಾಗದಿದ್ದರೂ ಮನೆಯಲ್ಲಿ ಒಂದೆರಡು ಮೊಲ ಇಟ್ಟುಕೊಂಡವರು ಎರಡನೆಯ ವಾರದಿಂದಲೇ ಅಗಲವಾದ ತೊಟ್ಟಿಯೊಂದರಲ್ಲಿ ಮಣ್ಣು ತುಂಬಿ ಅಗೆಯಲು ಬಿಡಬಹುದು, ಕೊನೆಯ ನಾಲ್ಕು ದಿನಕ್ಕೆ ಪೆಟ್ಟಿಗೆ ಇಡಬಹುದು. ಮೂರೂವರೆ, ನಾಲ್ಕು ಕಿಲೊ ತೂಗುವ ಮೊಲಕ್ಕೆ ಸುಮಾರು 45 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ಪೆಟ್ಟಿಗೆ, 15 ಸೆಂಟಿಮೀಟರಿನ ಹೊಸ್ತಿಲು ಸರಿಹೋಗುತ್ತದೆ. ಮೆತ್ತನೆಯ ಒಣಹುಲ್ಲನ್ನು ಒಳಗೂ ಹಾಕಿ, ಹೊರಗೂ ಒಂದು ಕಂತೆ ಇಡಿ. ಅದನ್ನು ಹೊತ್ತು ಒಳಗೊಯ್ಯುವುದು ತಾಯಿಯ ಕೆಲಸ. ಹತ್ತಿ, ಬಟ್ಟೆಯ ಚೂರು, ದಾರ ಬೇಡ, ಮರಿಗಳ ಕಾಲಿಗೆ, ಕತ್ತಿಗೆ ಸುತ್ತಿಕೊಳ್ಳುತ್ತವೆ. ಗಂಡನ್ನು ಮೊದಲೇ ಬೇರೆ ಮಾಡಿ, ಏಕೆಂದರೆ ಮರಿ ಹಾಕಿದ ದಿನವೇ ಮೊಲ ಮತ್ತೆ ಗಬ್ಬವಾಗಬಲ್ಲದು. ದಿನಕ್ಕೊಮ್ಮೆ ಮುಚ್ಚಳ ಸರಿಸಿ, ಮರಿಗಳ ಹೊಟ್ಟೆ ತುಂಬಿ ಉಬ್ಬಿದೆಯೇ ಎಂದು ನೋಡಿ, ಸತ್ತದ್ದಿದ್ದರೆ ತೆಗೆದು, ಮತ್ತೆ ಮುಚ್ಚಿಬಿಡಿ. ಸಾಕುಪ್ರಾಣಿ ಅಂಗಡಿಗಳಲ್ಲಿ ಮೊಲವನ್ನು ಜೋಡಿಯಾಗಿ ಮಾರುವುದು ನಮ್ಮ ಪಟ್ಟಣಗಳಲ್ಲಿ ಸಾಮಾನ್ಯ. ಜೊತೆಗೆ ಕೊಡುವುದು ತಂತಿಯ ಪಂಜರ ಮಾತ್ರ. ಜೋಡಿ ಕೊಳ್ಳುವವರು ಪಂಜರದ ಜೊತೆಗೇ ಒಂದು ಮರದ ಪೆಟ್ಟಿಗೆಯನ್ನೂ ಮಾಡಿಸಿ ಇಟ್ಟುಕೊಳ್ಳಿ. ಅದಕ್ಕೆ ಅನುಕೂಲವಿಲ್ಲದಿದ್ದರೆ ಎರಡೂ ಹೆಣ್ಣನ್ನೇ ಕೊಳ್ಳಿ.